ಎರಡನೇ ಗಂಟೆಯ ಲೆಕ್ಕ

ಪ್ರೀತಿಯ ಅಳಿಯ,

ಹೋದ ಭಾನುವಾರ ನಾನು ಡೊಂಬಿವಲಿಗೆ ಬಂದಾಗ ನೀನು ಹಾಸಿಗೆಯ ಮೇಲೆ ಬೋರಲು ಬಿದ್ದು ಆಡುತ್ತಿದ್ದೆ. ಲ್ಯಾಪ್‌ಟಾಪು ನಿನ್ನಮ್ಮನ ತಲೆದಿಂಬಿನ ಮೇಲೆ ಕೂತಿತ್ತು. ನಿನ್ನ ಕಿವಿಗೆ ಹೆಡ್‌ಫೋನು, ಹಾಗಾಗಿ ನಿನಗೆ ಕೇಳಿಸುತ್ತಿರಲಿಲ್ಲ. ಮನೆಯ ಉಳಿದ ನಾಲ್ಕು ಜನರಿಗೂ ಕೇಳುತ್ತಿತ್ತು. ಕುಕ್ಕರು ಕೂಗುವ ಮುಂಚೆ ಸುಯ್‌ ಅನ್ನುತ್ತದಲ್ಲ, ಆ ಸದ್ದು. ಕೂಗೂ ಇಲ್ಲ, ನಿಲ್ಲುವುದೂ ಇಲ್ಲ. ನಿನ್ನಮ್ಮ ಅಡುಗೆಕಟ್ಟೆಯಿಂದಲೇ "ಅಣ್ಣಾ, ಇವನ ಡಬ್ಬಿ ಒಂದು ದಿನ ಸಿಡೀತದೆ ನೋಡು" ಎಂದಳು. ನಾನು ಬಂದು ಕೀಲಿಮಣೆಯ ಮೇಲಿನ ಪಟ್ಟಿಗೆ ಬೆರಳು ತಾಗಿಸಿದೆ. ಇಡ್ಲಿ ಪಾತ್ರೆಯ ಮುಚ್ಚಳ ಮುಟ್ಟಿದ ಹಾಗೆ ಕೈ ತಾನಾಗಿ ಹಿಂದಕ್ಕೆ ಬಂತು. ನೀನು ಒಂದು ಕಿವಿ ಬಿಚ್ಚಿ ಹೇಳಿದೆ: "ಮಾಮಾ, ಗೇಮಿಂಗ್ ಲ್ಯಾಪ್‌ಟಾಪ್ ಅಂದ್ರೆ ಬಿಸಿ ಆಗೋದೇ."

ನಾಲ್ಕು ಜನರ ಎದುರಿಗೆ ವಾದ ಬೇಡ ಎಂದು ಚಹಾ ಕುಡಿದು ಎದ್ದೆ. ಎದುರಿಗೆ ಹೇಳಿದರೆ ನೀನು ಹೂಂಗುಟ್ಟಿ ಹೆಡ್‌ಫೋನು ಏರಿಸುತ್ತೀ ಎಂದು ನನಗೆ ಗೊತ್ತು. ಬರೆದು ಕಳಿಸಿದರೆ ಬೆಳಗಿನ ಫಾಸ್ಟ್ ಲೋಕಲಿನಲ್ಲಿ ಬಾಗಿಲ ಹತ್ತಿರ ನಿಂತಾದರೂ ಓದುತ್ತೀ. ಮೊದಲೇ ಹೇಳಿಬಿಡುತ್ತೇನೆ, ಇದು ಆಟ ಬಿಡು ಎನ್ನುವ ಪತ್ರ ಅಲ್ಲ. ಹದಿನಾಲ್ಕು ತಿಂಗಳ ಪಗಾರದಲ್ಲಿ ಉಳಿಸಿ ತಗೊಂಡದ್ದು ನೀನು, ಆಡು. ಒಂದು ಸಂಖ್ಯೆ ಬದಲಾಯಿಸು ಎನ್ನುವುದಷ್ಟೇ ನನ್ನ ಮಾತು. ಆದರೆ ಯಾಕೆ ಎನ್ನುವುದನ್ನು ಹೇಳದೆ ಬರೀ ಸಂಖ್ಯೆ ಹೇಳಿದರೆ ನೀನು ಎರಡು ದಿನಕ್ಕೆ ಮತ್ತೆ ಹಳೇ ಜಾಗಕ್ಕೆ ತಂದಿಡುತ್ತೀ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1974ರಲ್ಲಿ ನಾನು ಬೈಂದೂರು ಕಡೆಯಿಂದ ಮುಂಬಯಿಗೆ ಬಂದಾಗ ನನಗೆ ಹದಿಮೂರು. ಫೋರ್ಟಿನ ಒಂದು ಹೋಟೆಲಿನ ಮೋರಿಯಲ್ಲಿ ಪಾತ್ರೆ ತೊಳೆಯುವುದು, ರಾತ್ರಿ ಕನ್ನಡ ರಾತ್ರಿಶಾಲೆ, ಹೋಟೆಲಿನ ಮೇಜುಗಳನ್ನೇ ಜೋಡಿಸಿ ನಿದ್ದೆ. ನಿನ್ನಮ್ಮ ಇದನ್ನು ನಿನಗೆ ನೂರು ಸಲ ಹೇಳಿರುತ್ತಾಳೆ, ಅದನ್ನು ಮತ್ತೆ ಹೇಳಿ ತಲೆ ತಿನ್ನುವುದಿಲ್ಲ. ಮೂರು ವರ್ಷ ಆದ ಮೇಲೆ ನನ್ನನ್ನು ದೋಸೆ ಭಟ್ರ ಪಕ್ಕಕ್ಕೆ ನಿಲ್ಲಿಸಿದರು. ಕಾವಲಿಯ ಹತ್ತಿರ ನಿಲ್ಲುವುದೆಂದರೆ ನಮ್ಮಂಥ ಹುಡುಗರಿಗೆ ದೊಡ್ಡ ಬಡ್ತಿ. ಭಟ್ರು ಮೊದಲು ಕಲಿಸಿದ್ದು ದೋಸೆ ಹೊಯ್ಯುವುದನ್ನಲ್ಲ, ನೀರು ಚಿಮುಕಿಸುವುದನ್ನು. ಕಾವಲಿಗೆ ಒಂದು ಕೈ ನೀರು ಎರಚಿ ನೋಡಬೇಕು. ಹನಿ ಮಣಿಯ ಹಾಗೆ ಉಂಡೆ ಕಟ್ಟಿ ಕುಣಿಯುತ್ತ ಓಡಿದರೆ ಕಾವು ಜಾಸ್ತಿ; ಈಗ ಹಿಟ್ಟು ಹೊಯ್ದರೆ ಸೌಟಿಗೇ ಮೆತ್ತಿಕೊಂಡು ಮೇಲೆ ಬರುತ್ತದೆ, ಹರಡುವುದಿಲ್ಲ. ಬಿದ್ದಲ್ಲೇ ಚುರ್ ಎಂದು ಆರಿದರೆ ಹದ. ಆಮೇಲೆ ಹಿಡಿಸೂಡಿಯಲ್ಲಿ ಒಂದು ಸಲ ಗುಡಿಸಿ, ಆಗ ಹಿಟ್ಟು.

ಮೊದಲನೇ ದಿನ ನನಗೆ ಹುಮ್ಮಸ್ಸು ನೋಡು. ಕಾವಲಿ ತುಂಬ ಹೊಯ್ದೆ. ಒಂದರ ಹಿಂದೆ ಒಂದು, ತೆಗೆದು ಪೇರಿಸಿ ಮತ್ತೆ ಹೊಯ್ದೆ. ಹೊರಗೆ ಕೂತ ಗಿರಾಕಿಗಳು ಎಂಟು ಜನ, ನನ್ನ ಪಕ್ಕದಲ್ಲಿ ಪೇರಿಸಿದ ದೋಸೆ ಇಪ್ಪತ್ತು. ಮೊದಲಿನವು ಅಷ್ಟರಲ್ಲೇ ಚರ್ಮದ ಹಾಗೆ ನಾರಾಗಿದ್ದವು. ಭಟ್ರು ಬೈಯಲಿಲ್ಲ. ಕಿಂಡಿಯಿಂದ ಹೊರಗೆ ತೋರಿಸಿ, "ಪ್ಲೇಟು ಎಷ್ಟು ಬಿದ್ದಿದೆ ಅಂತ ನೋಡಿ ಹೊಯ್ಯೋ. ಹಿಟ್ಟು ಹೋಯ್ತು, ಗ್ಯಾಸು ಹೋಯ್ತು, ನಿನ್ನ ಕೈಯೂ ಹೋಯ್ತು. ಸಂಜೆ ಏಳಕ್ಕೆ ಆಫೀಸು ಬಿಟ್ಟು ಜನ ಬರ್ತಾರಲ್ಲ, ಆಗ ಯಾರು ಹೊಯ್ಯೋದು?" ಎಂದರು.

ನಿನ್ನ ಲ್ಯಾಪ್‌ಟಾಪಿನ ಒಳಗೆ ಇರುವುದೂ ಆವತ್ತಿನ ನನ್ನಂಥ ಹುಡುಗನೇ. ಗ್ರಾಫಿಕ್ಸ್ ಚಿಪ್ಪಿಗೆ ಇಷ್ಟು ಸಾಕು ಎನ್ನುವುದು ಗೊತ್ತಿಲ್ಲ. ನೀನು ಹೇಳದಿದ್ದರೆ ಅದು ತನ್ನಿಂದಾದಷ್ಟು ಚಿತ್ರ ಬಿಡಿಸುತ್ತಲೇ ಇರುತ್ತದೆ. ನಿನ್ನ ಪರದೆ 144 ಹರ್ಟ್ಜಿನದು, ಎಂದರೆ ಸೆಕೆಂಡಿಗೆ 144 ಸಲ ಮಾತ್ರ ಹೊಸ ಚಿತ್ರ ತೋರಿಸಬಲ್ಲದು. ಅಷ್ಟೇ ಪ್ಲೇಟು. ಚಿಪ್ಪು ಸೆಕೆಂಡಿಗೆ 300 ಫ್ರೇಮು, ಎಂದರೆ 300 ಚಿತ್ರ, ತಯಾರಿಸಿದರೆ 156 ಫ್ರೇಮಿಗೆ ಗಿರಾಕಿಯೇ ಇಲ್ಲ. ಕೆಲವನ್ನು ಪೂರ್ತಿ ಎಸೆಯುತ್ತದೆ, ಕೆಲವನ್ನು ಅರ್ಧ ಕತ್ತರಿಸಿ ಇನ್ನೊಂದರ ಜೊತೆ ಅಂಟಿಸಿ ತೋರಿಸುತ್ತದೆ. ತಿರುಗುವಾಗ ಚಿತ್ರ ನಡುವೆ ಹರಿದ ಹಾಗೆ ಕಾಣುತ್ತದೆ ಎಂದು ನೀನೇ ಹೇಳಿದ್ದೆಯಲ್ಲ, ಅದು ಇದೇ. ಎಸೆದ ಚಿತ್ರಕ್ಕೂ ಕರೆಂಟು ಖರ್ಚಾಗಿದೆ, ಆ ಕರೆಂಟೆಲ್ಲ ಬಿಸಿಯಾಗಿದೆ.

ಇದನ್ನು ನಾನು ಪುಸ್ತಕ ಓದಿ ತಿಳಿದದ್ದಲ್ಲ, ಪೆಟ್ಟು ತಿಂದು ತಿಳಿದದ್ದು. ಹೋಟೆಲು ಬಿಟ್ಟ ಮೇಲೆ ರೇಡಿಯೋ, ಟಿವಿ, ಕಂಪ್ಯೂಟರು, ಲ್ಯಾಪ್‌ಟಾಪು ಎಂದು ಲ್ಯಾಮಿಂಗ್ಟನ್ ರಸ್ತೆಯಲ್ಲೇ ನನ್ನ ಆಯುಷ್ಯ ಹೋಯಿತು. (ಬೋರ್ಡಿನ ಮೇಲೆ ಈಗ ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ. ಆದರೂ 1907ರಲ್ಲೇ ಮನೆಗೆ ಹೋದ ಗವರ್ನರ್ ಲ್ಯಾಮಿಂಗ್ಟನ್ನನ ಹೆಸರನ್ನು ಟ್ಯಾಕ್ಸಿಯವರು ಇನ್ನೂ ಬಿಟ್ಟಿಲ್ಲ.) ಏಳೆಂಟು ವರ್ಷದ ಹಿಂದೆ ಘಾಟ್‌ಕೋಪರಿನ ಒಬ್ಬ ಇಂಜಿನಿಯರಿಂಗ್ ಹುಡುಗ ಲ್ಯಾಪ್‌ಟಾಪು ತಂದ. ರಾತ್ರಿ ಹೊತ್ತು ತಾನಾಗಿ ಆಫ್ ಆಗುತ್ತದೆ. ಬಿಚ್ಚಿ ಧೂಳು ತೆಗೆದು, ಚಿಪ್ಪಿನ ಮೇಲಿನ ಒಣಗಿದ ಪೇಸ್ಟು ಕೆರೆದು ಹೊಸದು ಹಚ್ಚಿ ಕೊಟ್ಟೆ. ಎಂಟು ದಿನಕ್ಕೆ ವಾಪಸ್. ಫ್ಯಾನು ಬದಲಾಯಿಸಿದೆ, ದುಡ್ಡು ತಗೊಂಡೆ. ಮತ್ತೆ ಬಂದ, ಈ ಸಲ ಅಪ್ಪನನ್ನೂ ಕರಕೊಂಡು. ಅಪ್ಪನ ಮುಖ ನೋಡಿದಾಗಲೇ ನನಗೆ ಬೆವರು ಬಂತು.

"ನೀನು ಏನು ಮಾಡ್ತೀಯೋ ಅದನ್ನೇ ನನ್ನೆದುರು ಮಾಡಪ್ಪ" ಎಂದು ಕೂರಿಸಿದೆ. ಆಟ ತೆರೆದ. ಆಟ ಶುರುವಾಗುವ ಮುಂಚಿನ ಮೆನು ಬಂತು. ಬಂದೂಕು ಹಿಡಿದು ನಿಂತ ಒಬ್ಬ ಸಿಪಾಯಿ, ಎದೆ ಸ್ವಲ್ಪ ಏರಿಳಿಯುವುದು ಬಿಟ್ಟರೆ ಪರದೆಯ ಮೇಲೆ ಏನೂ ಅಲ್ಲಾಡುವುದಿಲ್ಲ. ಹುಡುಗ ಅಷ್ಟಕ್ಕೆ ಬಿಟ್ಟು ನನ್ನ ಕಡೆ ತಿರುಗಿ ಮಾತಿಗೆ ಶುರು ಮಾಡಿದ. ಫ್ಯಾನಿನ ಸದ್ದು ಮಾತ್ರ ಏರುತ್ತ ಹೋಯಿತು. ಮೂಲೆಯಲ್ಲಿ ಫ್ರೇಮು ಎಣಿಸುವ ಅಂಕಿ ನಾನೂರು ದಾಟಿತ್ತು. ನನಗೆ ಎಲ್ಲೋ ಏನೋ ಹೊಳೆಯಿತು. "ಆಡ್ತಾ ಇರುವಾಗ ಅಮ್ಮ ಊಟಕ್ಕೆ ಕರೆದರೆ ಏನು ಮಾಡ್ತೀ?" ಎಂದೆ. "ಮೆನುವಿಗೆ ಬಂದು ಹಾಗೇ ಬಿಟ್ಟು ಹೋಗ್ತೇನೆ ಅಂಕಲ್. ಕೆಲವು ಸಲ ಹಾಗೇ ನಿದ್ದೆ ಬಂದುಬಿಡ್ತದೆ."

ಅಷ್ಟೇ ವಿಷಯ. ಆಡುವಾಗ ಬೆಟ್ಟ, ಮರ, ಹೊಗೆ ಎಲ್ಲ ಬಿಡಿಸಬೇಕಾದ್ದರಿಂದ ಚಿಪ್ಪು ಸೆಕೆಂಡಿಗೆ ಎಪ್ಪತ್ತು ಎಂಬತ್ತಕ್ಕೆ ಏದುತ್ತಿತ್ತು. ಮೆನುವಿನಲ್ಲಿ ಬಿಡಿಸಲಿಕ್ಕೆ ಏನೂ ಇಲ್ಲ, ಆದ್ದರಿಂದ ಆ ಒಬ್ಬ ಸಿಪಾಯಿಯನ್ನೇ ಸೆಕೆಂಡಿಗೆ ನಾನೂರು ಸಲ ಬಿಡಿಸುತ್ತಿತ್ತು. ಮನೆಯವರೆಲ್ಲ ಮಲಗಿದ ಮೇಲೂ, ನೋಡುವವರು ಯಾರೂ ಇಲ್ಲದೆ. ಮೆನುವಿಗೆ 60 ಎಂದು ಮಿತಿ ಹಾಕಿ ಕೊಟ್ಟೆ, ಫ್ಯಾನಿನ ದುಡ್ಡು ವಾಪಸ್ ಕೊಟ್ಟೆ. ಅವನ ಹಳೇ ಫ್ಯಾನು ಈಗಲೂ ನನ್ನ ಡ್ರಾವರಿನಲ್ಲಿದೆ, ಚೆನ್ನಾಗಿಯೇ ತಿರುಗುತ್ತದೆ.

ನಾನೊಬ್ಬನೇ ದಡ್ಡ ಅಲ್ಲ ಎಂದು ಆಮೇಲೆ ಗೊತ್ತಾಗಿ ಸ್ವಲ್ಪ ಸಮಾಧಾನ ಆಯಿತು. 2010ರ ಜುಲೈಯಲ್ಲಿ ಸ್ಟಾರ್‌ಕ್ರಾಫ್ಟ್ 2 ಆಟ ಬಂದಾಗ ಇದೇ ಕಥೆ: ಮೆನುವಿಗೆ ಮಿತಿಯೇ ಇರಲಿಲ್ಲ, ಜನರ ಗ್ರಾಫಿಕ್ಸ್ ಕಾರ್ಡುಗಳು ಕಾದವು, ಕಡೆಗೆ ಬ್ಲಿಜರ್ಡ್ ಕಂಪೆನಿಯೇ ಒಂದು ಸೆಟ್ಟಿಂಗ್ ಫೈಲಿಗೆ ಎರಡು ಸಾಲು ಸೇರಿಸಿಕೊಳ್ಳಿ ಎಂದಿತು, ಆಟಕ್ಕೆ 60, ಮೆನುವಿಗೆ 30. 2021ರಲ್ಲಿ ಅಮೆಜಾನಿನ ನ್ಯೂ ವರ್ಲ್ಡ್ ಆಟವನ್ನು ಪರೀಕ್ಷೆಗೆ ಬಿಟ್ಟಾಗ ಕೆಲವರ ಆರ್‌ಟಿಎಕ್ಸ್ 3090 ಕಾರ್ಡುಗಳೇ ಸತ್ತವು. ಆ ಕಾರ್ಡುಗಳ ಬೆಸುಗೆಯಲ್ಲಿ ದೋಷ ಇತ್ತೆಂದು ತಯಾರಿಸಿದ ಇವಿಜಿಎ ಕಂಪೆನಿ ಆಮೇಲೆ ಒಪ್ಪಿಕೊಂಡಿತು, ಅದು ನ್ಯಾಯ. ಆದರೆ ಅಮೆಜಾನ್ ಮೊದಲು ಮಾಡಿದ ಕೆಲಸ ಮೆನುವಿನ ಫ್ರೇಮಿಗೆ ಮಿತಿ ಹಾಕಿದ್ದು.

ಈಗ ನೀನು ಕೇಳುವ ಪ್ರಶ್ನೆ ನನಗೆ ಗೊತ್ತು: ಫ್ರೇಮು ಅರ್ಧ ಮಾಡಿದರೆ ಬಿಸಿಯೂ ಬರೀ ಅರ್ಧ ತಾನೆ, ಅಷ್ಟಕ್ಕೆ ಯಾಕೆ ಇಷ್ಟು ಉಪದೇಶ? ಅಲ್ಲೇ ಒಂದು ಗುಟ್ಟಿದೆ. ಚಿಪ್ಪು ಬಿಸಿಯಾಗುವುದು ಅದರ ವೇಗಕ್ಕೆ ತಕ್ಕಂತೆ, ಜೊತೆಗೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ. ಕೆಲಸ ಕಡಿಮೆಯಾದರೆ ಚಿಪ್ಪು ವೇಗ ಇಳಿಸುತ್ತದೆ, ವೇಗ ಇಳಿದರೆ ಕಡಿಮೆ ವೋಲ್ಟೇಜು ಸಾಕಾಗುತ್ತದೆ. ಎರಡೂ ಐದನೇ ಒಂದು ಭಾಗ ಇಳಿದವು, ಹತ್ತರಲ್ಲಿ ಎಂಟು ಉಳಿದವು ಎಂದುಕೋ. ಎಂಟನ್ನು ಎಂಟರಿಂದ, ಮತ್ತೊಮ್ಮೆ ಎಂಟರಿಂದ ಗುಣಿಸಿ ನೋಡು, 512 ಬರುತ್ತದೆ. ಸಾವಿರದಲ್ಲಿ 512, ಹೆಚ್ಚುಕಮ್ಮಿ ಅರ್ಧ. ವೇಗದಲ್ಲಿ ಕೊಟ್ಟದ್ದು ಐದನೇ ಒಂದು, ಬಿಸಿಯಲ್ಲಿ ಉಳಿದದ್ದು ಅರ್ಧ. ಊರಿನ ಮನೆಯ ಹಳೇ ಸೀಲಿಂಗ್ ಫ್ಯಾನಿನ ರೆಗ್ಯುಲೇಟರು ನೆನಪಿದೆಯಾ, ಕಪ್ಪು ಡಬ್ಬಿ? ಒಂದಕ್ಕೆ ಇಟ್ಟರೆ ಫ್ಯಾನು ನಿಧಾನ ಆಗುತ್ತಿತ್ತು, ಡಬ್ಬಿ ಬೆಚ್ಚಗಾಗುತ್ತಿತ್ತು. ತಂತಿಯ ಸುರುಳಿಯಲ್ಲಿ ಕರೆಂಟನ್ನು ಸುಟ್ಟು ಫ್ಯಾನಿಗೆ ಕಡಿಮೆ ಕೊಡುವ ಉಪಾಯ ಅದು. ಫ್ರೇಮಿನ ಮಿತಿ ಅಂಥದ್ದಲ್ಲ. ಇಲ್ಲಿ ಕೆಲಸವೇ ಹುಟ್ಟುವುದಿಲ್ಲ, ಸುಡಬೇಕಾದ್ದೂ ಇಲ್ಲ.

ಇನ್ನೊಂದು ಲಾಭ ಲ್ಯಾಪ್‌ಟಾಪಿಗೇ ವಿಶೇಷ. ನಿನ್ನದರ ತಳ ಬಿಚ್ಚಿದರೆ ಪ್ರೊಸೆಸರು, ಗ್ರಾಫಿಕ್ಸ್ ಚಿಪ್ಪು ಎರಡರ ಮೇಲೂ ಹಾದುಹೋಗುವ ಚಪ್ಪಟೆ ತಾಮ್ರದ ಕೊಳವೆಗಳು ಕಾಣುತ್ತವೆ. ಒಳಗೆ ಒಂದು ಚೂರು ನೀರಿನಂಥ ದ್ರವ ಇರುತ್ತದೆ. ಬಿಸಿಯಾದ ತುದಿಯಲ್ಲಿ ಆವಿಯಾಗಿ, ಫ್ಯಾನಿನ ತುದಿಯಲ್ಲಿ ಹನಿಯಾಗಿ, ಒಳಗಿನ ಬತ್ತಿಯಂಥ ಪದರದ ಮೂಲಕ ಮತ್ತೆ ಹಿಂದಕ್ಕೆ ಬರುತ್ತದೆ. ಇಡ್ಲಿ ಪಾತ್ರೆಯೊಳಗೆ ನಡೆಯುವುದೇ. ಎರಡು ಚಿಪ್ಪಿಗೂ ಕೊಳವೆ ಒಂದೇ ಆದ್ದರಿಂದ ಒಬ್ಬನ ಜ್ವರ ಇನ್ನೊಬ್ಬನಿಗೂ. ಫ್ರೇಮು ಇಳಿಸಿದರೆ ಪ್ರತಿ ಫ್ರೇಮಿಗೆ ಪ್ರೊಸೆಸರು ಮಾಡಬೇಕಾದ ಲೆಕ್ಕವೂ ಇಳಿಯುತ್ತದೆ, ಇಬ್ಬರೂ ಒಟ್ಟಿಗೆ ತಣ್ಣಗಾಗುತ್ತಾರೆ.

ಇದೆಲ್ಲ ಎಲ್ಲಿಯ ಲ್ಯಾಪ್‌ಟಾಪಿಗೂ ಸರಿ. ಆದರೆ ನಾವಿರುವುದು ಮುಂಬಯಿ. ಹೆಚ್ಚಿನ ಲ್ಯಾಪ್‌ಟಾಪುಗಳ ಕೈಪಿಡಿಯಲ್ಲಿ ಸುತ್ತಲಿನ ಹವೆ 35 ಡಿಗ್ರಿಯವರೆಗೆ ಇರಬಹುದು ಎಂದು ಬರೆದಿರುತ್ತದೆ. ಮೇ ತಿಂಗಳಲ್ಲೂ ಅಕ್ಟೋಬರಿನ ಧಗೆಯಲ್ಲೂ ನಿಮ್ಮ ಮೇಲಿನ ಮಾಳಿಗೆಯ ಖೋಲಿ ಎಷ್ಟಿರುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಇಲ್ಲಿ ಜನ ಒಂದು ತಪ್ಪು ತಿಳಿಯುತ್ತಾರೆ: ಮುಂಬಯಿಯ ಸೆಕೆ ಲ್ಯಾಪ್‌ಟಾಪಿಗೂ ಸೆಕೆ ಎಂದು. ಅಲ್ಲ. ನಮಗೆ ಸೆಕೆಯಾಗುವುದು ಬೆವರು ಆರದೆ. ಲ್ಯಾಪ್‌ಟಾಪು ಬೆವರುವುದಿಲ್ಲ, ಅದಕ್ಕೆ 33 ಡಿಗ್ರಿ ಎಂದರೆ 33 ಡಿಗ್ರಿ, ನಾಗಪುರದ್ದಾದರೂ ಒಂದೇ ಡೊಂಬಿವಲಿಯದ್ದಾದರೂ ಒಂದೇ. ಅದೇ ಕೆಲಸಕ್ಕೆ ಚಿಪ್ಪು ಸುತ್ತಲಿನ ಹವೆಗಿಂತ ಇಷ್ಟು ಡಿಗ್ರಿ ಮೇಲೆ ಎಂದು ನಿಲ್ಲುತ್ತದೆ. ಆಫೀಸಿನ ಎಸಿಯಲ್ಲಿ 24ರಲ್ಲಿ ಆಡಿದ್ದಕ್ಕೂ ಖೋಲಿಯ 34ರಲ್ಲಿ ಆಡಿದ್ದಕ್ಕೂ ಆ ಹತ್ತು ಡಿಗ್ರಿ ಹಾಗೇ ಮೇಲೆ ಕೂಡಿಕೊಳ್ಳುತ್ತದೆ. ನಮ್ಮ ತೇವ ಕಾಡುವುದು ಬೇರೆ ದಾರಿಯಲ್ಲಿ. ಒಂದೇ ಖೋಲಿಯಲ್ಲಿ ಒಗ್ಗರಣೆಯ ಹೊಗೆ, ಊದುಬತ್ತಿ, ಪಕ್ಕದಲ್ಲಿ ಕಟ್ಟುತ್ತಿರುವ ಟವರಿನ ಸಿಮೆಂಟು, ಇವಕ್ಕೆ ತೇವ ಸೇರಿ ಜಿಡ್ಡಾಗುತ್ತದೆ. ಫ್ಯಾನಿಗೂ ಅದರೆದುರಿನ ಬಿಸಿ ಹೊರಹಾಕುವ ತಾಮ್ರದ ರೆಕ್ಕೆಗಳಿಗೂ ನಡುವೆ ಅದು ಕಂಬಳಿಯ ತುಂಡಿನ ಹಾಗೆ ಕೂತಿರುತ್ತದೆ. ಇಕ್ಕಳದಲ್ಲಿ ಹಿಡಿದೆಳೆದರೆ ಇಡೀ ಪಟ್ಟಿ ಒಂದೇ ಸಲಕ್ಕೆ ಬರುತ್ತದೆ, ನಾನು ಎಷ್ಟೋ ಸಲ ತೆಗೆದಿದ್ದೇನೆ.

ಇನ್ನು ಆ ಬಿಸಿ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿದ್ದೀಯಾ? ಲ್ಯಾಪ್‌ಟಾಪು ಗೋಡೆಯಿಂದ 170 ವ್ಯಾಟ್ ಎಳೆದರೆ ಕಡೆಗೆ ಅಷ್ಟೂ ಖೋಲಿಯೊಳಗೆ ಬಿಸಿಯಾಗಿಯೇ ಬೀಳುತ್ತದೆ. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈ ಹೊರಗೆ ಬಿಡುವುದು ಸುಮಾರು 100 ವ್ಯಾಟ್. ನಾಲ್ಕು ಜನ ಮಲಗುವ ಖೋಲಿಗೆ ರಾತ್ರಿ ಹನ್ನೊಂದಕ್ಕೆ ನೀನು ಐದನೆಯವನನ್ನು ಕರಕೊಂಡು ಬಂದ ಹಾಗೆ, ಅವನೂ ದಪ್ಪನೆಯವ. ನಿನ್ನಮ್ಮ ನಡುರಾತ್ರಿ ಎದ್ದು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುವುದು ಬರೀ ವಯಸ್ಸಿನ ದೋಷ ಅಲ್ಲ ಮಾರಾಯ. ಕರೆಂಟು ಬಿಲ್ಲಿನ ಮಾತು ಚಿಕ್ಕದು: 70 ವ್ಯಾಟ್ ಉಳಿಸಿ ದಿನಕ್ಕೆ ಐದು ಗಂಟೆ ಆಡಿದರೆ ತಿಂಗಳಿಗೆ ಹತ್ತೂವರೆ ಯೂನಿಟ್ಟು. ದೊಡ್ಡ ಮೊತ್ತವಲ್ಲ, ಆದರೆ ನಿಮ್ಮ ಮಹಾವಿತರಣದ ಬಿಲ್ಲು ನೂರರ ಇಲ್ಲವೇ ಮುನ್ನೂರರ ಗೆರೆಯ ಹತ್ತಿರ ಇದ್ದರೆ ಅಷ್ಟೇ ಸಾಕು ಮೇಲಿನ ದರಕ್ಕೆ ಹತ್ತಿಸಲಿಕ್ಕೆ.

ಸರಿ, ನಿನ್ನ ಪಕ್ಷವನ್ನೂ ಹೇಳುತ್ತೇನೆ. ಗುಂಡು ಹಾರಿಸುವ ಪಂದ್ಯದಾಟಗಳಲ್ಲಿ ಫ್ರೇಮು ಹೆಚ್ಚಿದ್ದಷ್ಟೂ ಕೈ ಒತ್ತಿದ್ದು ಪರದೆಗೆ ಬೇಗ ಬರುತ್ತದೆ ಎನ್ನುವುದು ಸುಳ್ಳಲ್ಲ. ಅದನ್ನು ಸುಳ್ಳು ಎನ್ನುವ ಹಿರಿಯರ ಮಾತನ್ನು ನೀನು ನಂಬಬೇಕಾಗಿಲ್ಲ. ಆದರೆ ಲೆಕ್ಕ ನೋಡು. ಸೆಕೆಂಡಿಗೆ 60 ಆದರೆ ಒಂದು ಫ್ರೇಮಿಗೆ 16.7 ಮಿಲಿಸೆಕೆಂಡು. 144 ಆದರೆ 6.9. ಈ ಹತ್ತರ ಅಂತರ ಕೈಗೆ ತಿಳಿಯುತ್ತದೆ, ಒಪ್ಪಿದೆ. 144ರಿಂದ 300ಕ್ಕೆ ಏರಿದರೆ 3.3, ಎಂದರೆ ಮೂರೂವರೆ ಮಿಲಿಸೆಕೆಂಡಿನ ಲಾಭ. ಕಂಡದ್ದಕ್ಕೆ ಬೆರಳು ಒತ್ತಲಿಕ್ಕೆ ಮನುಷ್ಯನಿಗೆ ಇನ್ನೂರರ ಮೇಲೆ ಬೇಕು. ಆ ಮೂರೂವರೆಗಾಗಿ ನೀನು ಏನು ಕೊಡುತ್ತಿದ್ದೀ ಎಂದು ಹೋದ ಭಾನುವಾರ ನಿನ್ನ ಹಿಂದೆಯೇ ಕೂತು ನೋಡಿದೆ. ಶುರುವಿಗೆ ಅಂಕಿ 140. ಇಪ್ಪತ್ತೈದು ನಿಮಿಷ ಕಳೆಯಿತು, 85. ಆಮೇಲೆ 120, ಮತ್ತೆ 80. ಪ್ರೊಸೆಸರು ನೂರು ಡಿಗ್ರಿಯ ಹತ್ತಿರ ಹೋದಾಗ, ಗ್ರಾಫಿಕ್ಸ್ ಚಿಪ್ಪು ಅದಕ್ಕೂ ಹತ್ತು ಹದಿನೈದು ಡಿಗ್ರಿ ಮೊದಲೇ, ತಮ್ಮನ್ನು ತಾವು ಉಳಿಸಿಕೊಳ್ಳಲಿಕ್ಕೆ ವೇಗ ಕತ್ತರಿಸುತ್ತವೆ. ತಣ್ಣಗಾದ ಕೂಡಲೆ ಮತ್ತೆ ಓಡುತ್ತವೆ, ಮತ್ತೆ ಕಾಯುತ್ತವೆ. ಆಟದಲ್ಲಿ ಸಾಯುವ ಮುಂಚೆ ನೀನು "ಅರೇ ಲ್ಯಾಗ್, ಲ್ಯಾಗ್" ಎಂದು ಕೂಗಿದೆಯಲ್ಲ, ಇಂಟರ್‌ನೆಟ್ಟಿಗೆ ಬೈದೆಯಲ್ಲ, ಆವತ್ತು ನೆಟ್ಟಿನ ತಪ್ಪು ಇರಲಿಲ್ಲ. ಕಣ್ಣಿಗೂ ಕೈಗೂ ಬೇಕಾದ್ದು ಒಂದೇ ಸಮನಾದ ಓಟ. ನೂರಕ್ಕೆ ಕಟ್ಟಿದ ನೂರು, ಎಂಬತ್ತಕ್ಕೂ ನೂರನಲವತ್ತಕ್ಕೂ ನಡುವೆ ತೂಗಾಡುವ ಓಟಕ್ಕಿಂತ ಒಳ್ಳೆಯದು.

ಆದ್ದರಿಂದ ಸಂಖ್ಯೆ ಎಷ್ಟು ಎಂದು ನನ್ನನ್ನು ಕೇಳಬೇಡ, ನಿನ್ನ ಲ್ಯಾಪ್‌ಟಾಪನ್ನೇ ಕೇಳು. ಅದನ್ನು ಗಟ್ಟಿ ಮೇಜಿನ ಮೇಲಿಡು. ಮಿತಿ ಹಾಕದೆ ನಿನ್ನ ಆಟವನ್ನು ಒಂದೂವರೆ ಗಂಟೆ ಆಡು. ಮೊದಲ ಐದು ನಿಮಿಷದ ಅಂಕಿ ನೋಡಬೇಡ. ಆಗ ತಾಮ್ರ ತಣ್ಣಗಿರುತ್ತದೆ, ಎಲ್ಲ ಯಂತ್ರವೂ ಶೂರನೇ. ಎರಡನೇ ಗಂಟೆಯಲ್ಲಿ ಅಂಕಿ ಎಷ್ಟಕ್ಕೆ ಇಳಿದು ಕೂರುತ್ತದೆ ನೋಡು. ತೊಂಬತ್ತು ಎಂದಾದರೆ ಎಂಬತ್ತಕ್ಕೆ ಕಟ್ಟು. ಎರಡನೇ ಗಂಟೆಯಲ್ಲಿ ಯಂತ್ರಕ್ಕೆ ಸಾಗುವುದಕ್ಕಿಂತ ಒಂದು ಹೆಜ್ಜೆ ಕೆಳಗೆ, ಇದೇ ನನ್ನ ಸೂತ್ರ. ಸಂಜೆ ಏಳರ ರಶ್ಶು ಎಂದು ಭಟ್ರು ಹೇಳಿದ್ದೂ ಅದನ್ನೇ.

ಎಲ್ಲಿ ಕಟ್ಟುವುದು? ಮೊದಲ ಆಯ್ಕೆ ಆಟದೊಳಗೇ. ವ್ಯಾಲರಂಟಿನಲ್ಲಿ ಮೆನುವಿಗೆ, ಹಿನ್ನೆಲೆಗೆ, ಬ್ಯಾಟರಿಯಲ್ಲಿ ಆಡುವುದಕ್ಕೆ, ಯಾವಾಗಲೂ ಎಂದು ನಾಲ್ಕು ಬೇರೆ ಬೇರೆ ಮಿತಿ ಇದೆ. ಮೊದಲ ಮೂರನ್ನು ಈಗಲೇ ಕೂತಲ್ಲೇ ಹಾಕು, ಪ್ಲಗ್ಗಿನಲ್ಲಿಟ್ಟು ಆಡುವ ಪಂದ್ಯದಲ್ಲಿ ನಿನಗೆ ಒಂದು ಎಳೆಯೂ ನಷ್ಟವಿಲ್ಲ. ಕೌಂಟರ್ ಸ್ಟ್ರೈಕಿನ ಕನ್ಸೋಲಿಗೆ ಎಫ್‌ಪಿಎಸ್ ಮ್ಯಾಕ್ಸ್ ಆಜ್ಞೆ ಇದೆ, ಅದು ಹಳೇ ಸೈಬರ್ ಕೆಫೆಯ ಕಾಲದ ಹುಡುಗರಿಗೂ ಬಾಯಿಪಾಠ. ಆಟದೊಳಗೆ ಇಲ್ಲದಿದ್ದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲಿನ 3ಡಿ ಸೆಟ್ಟಿಂಗಿನಲ್ಲಿ ಮ್ಯಾಕ್ಸ್ ಫ್ರೇಮ್ ರೇಟ್ ಎಂದಿದೆ, 2020ರ ಜನವರಿಯ ಡ್ರೈವರಿನಿಂದ ಬಂದದ್ದು. ಒಂದೊಂದು ಆಟಕ್ಕೆ ಬೇರೆ ಬೇರೆ ಇಡಬಹುದು, ಹಾಗೇ ಇಡು. ಎಎಂಡಿ ಚಿಪ್ಪಿನವರಿಗೆ ರೇಡಿಯಾನ್ ಚಿಲ್ ಇದೆ, ನೀನು ಅಲ್ಲಾಡದೆ ನಿಂತಾಗ ತಾನೇ ಫ್ರೇಮು ಇಳಿಸುತ್ತದೆ, ಅದು ಬುದ್ಧಿವಂತ ಕೆಲಸ. ರಿವಾ ಟ್ಯೂನರ್ ಎನ್ನುವ ಪುಕ್ಕಟೆ ತಂತ್ರಾಂಶ ಯಾವ ಕಂಪೆನಿಯ ಚಿಪ್ಪಿಗಾದರೂ ಆಗುತ್ತದೆ. ಎರಡು ಮೂರು ಕಡೆ ಒಟ್ಟಿಗೆ ಕಟ್ಟಬೇಡ, ಒಂದಕ್ಕೊಂದು ಜಗಳ ಆಡುತ್ತವೆ.

ಕಥೆಯ ಆಟಗಳಿಗೆ ಒಂದು ಸಣ್ಣ ಸೂಕ್ಷ್ಮ ಇದೆ. ನಿನ್ನದು 144ರ ಪರದೆ. ಅಲ್ಲಿ 60ಕ್ಕೆ ಕಟ್ಟಿದರೆ ಒಂದು ಚಿತ್ರ ಎರಡು ಸಲ, ಮುಂದಿನದು ಮೂರು ಸಲ ಎಂದು ಕುಂಟುತ್ತದೆ, ಏಕೆಂದರೆ 144ನ್ನು 60 ಸರಿಯಾಗಿ ಭಾಗಿಸುವುದಿಲ್ಲ. 72 ಭಾಗಿಸುತ್ತದೆ, 48 ಭಾಗಿಸುತ್ತದೆ. ನಿಧಾನದ ಆಟಕ್ಕೆ 72 ಇಟ್ಟು ನೋಡು. ಪರದೆಯೇ ಆಟದ ಜೊತೆ ವೇಗ ಹೊಂದಿಸಿಕೊಳ್ಳುವ ಜಾತಿಯದಾದರೆ, ಜಿ ಸಿಂಕ್ ಎನ್ನುತ್ತಾರಲ್ಲ, ಆಗ ಈ ಭಾಗಾಕಾರ ಬೇಡ. ಆಗ ಮೇಲಿನ ಗಡಿಯನ್ನು 144ಕ್ಕಿಂತ ಮೂರು ಕಡಿಮೆ ಇಟ್ಟರೆ ಸಾಕು.

ಕಡಿಮೆ ಎಂದ ಕೂಡಲೆ ನಿನ್ನ ಮುಖ ಸಪ್ಪಗಾಗುವುದು ಇಲ್ಲಿಂದಲೇ ಕಾಣುತ್ತಿದೆ. ಮುಂದಿನ ಸಲ ಕಾಲಾ ಘೋಡಾ ಕಡೆ ಹೋದರೆ ಎಸ್‌ಪ್ಲನೇಡ್ ಮ್ಯಾನ್ಶನ್ ನೋಡು, ಎರಕದ ಕಬ್ಬಿಣದ ಆ ಮುದಿ ಕಟ್ಟಡ. ಹಿಂದೆ ಅದು ವಾಟ್ಸನ್ ಹೋಟೆಲು. 1896ರ ಜುಲೈ 7ರಂದು ಲ್ಯೂಮಿಯೇರ್ ಸಹೋದರರ ಸಿನಿಮಾ ಈ ದೇಶದಲ್ಲಿ ಮೊದಲು ಓಡಿದ್ದು ಅಲ್ಲಿ. ಕೈಯಿಂದ ತಿರುಗಿಸುವ ಯಂತ್ರ, ಸೆಕೆಂಡಿಗೆ ಸುಮಾರು 16 ಚಿತ್ರ. ಸ್ಟೇಶನ್ನಿಗೆ ರೈಲು ಬರುವುದನ್ನು ಅಷ್ಟರಲ್ಲೇ ಮುಂಬಯಿಯವರು ಬಾಯಿಬಿಟ್ಟುಕೊಂಡು ನೋಡಿದರು. ನೀನು ಈಗಲೂ ಥಿಯೇಟರಿನಲ್ಲಿ ಸಿಳ್ಳೆ ಹಾಕುವ ಸಿನಿಮಾಗಳು 24ರವು. ಸಿನಿಮಾ ನೋಡುವುದು, ಆಟ ಆಡುವುದು ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ನಿನ್ನ ಕೈಗೆ ಕೆಲಸವಿಲ್ಲ. ಆದರೂ 72 ಎಂದರೆ ಬಡತನವಲ್ಲ.

ಫ್ರೇಮಿನ ಮಿತಿಯಿಂದ ಆಗದ ಕೆಲಸಗಳೂ ಇವೆ. ರೆಕ್ಕೆಯ ಮುಂದಿನ ಜಿಡ್ಡಿನ ಕಂಬಳಿ ಅದರಿಂದ ಹೋಗುವುದಿಲ್ಲ, ವರ್ಷಕ್ಕೊಮ್ಮೆ ಬಿಚ್ಚಿ ತೆಗೆಯಲೇಬೇಕು. ನಿಮ್ಮ ಪಕ್ಕದ ಟವರು ಮುಗಿಯುವ ತನಕ ಆರು ತಿಂಗಳಿಗೊಮ್ಮೆ. ಹಾಸಿಗೆಯ ಮೇಲೆ ಇಟ್ಟರೆ ಯಾವ ಮಿತಿಯೂ ಉಪಯೋಗಕ್ಕೆ ಬಾರದು, ಗಾಳಿ ಒಳಗೆ ಹೋಗುವ ತೂತುಗಳು ಇರುವುದು ಹೊಟ್ಟೆಯ ಕೆಳಗೆ. ಬ್ಯಾಟರಿಯ ವಿಷಯದಲ್ಲಿ ಮಾತ್ರ ತಮಾಷೆ ಇಲ್ಲ. ಲಿಥಿಯಂ ಬ್ಯಾಟರಿಗೆ ಬಿಸಿಯೂ ಆಗದು, ಬಿಸಿಯಲ್ಲಿ ಸದಾ ತುಂಬಿಕೊಂಡಿರುವುದೂ ಆಗದು. ಪ್ಲಗ್ಗಿನಲ್ಲಿಟ್ಟೇ ಆಡುವವನಾದರೆ ಶೇಕಡಾ 80ಕ್ಕೆ ಚಾರ್ಜು ನಿಲ್ಲಿಸುವ ಆಯ್ಕೆ ನಿನ್ನ ಲ್ಯಾಪ್‌ಟಾಪಿನ ತಂತ್ರಾಂಶದಲ್ಲೇ ಇದೆ, ನಾನು ನೋಡಿದ್ದೇನೆ. ಟಚ್‌ಪ್ಯಾಡು ಒತ್ತಿದರೆ ಕ್ಲಿಕ್ ಆಗದಿದ್ದರೆ, ಮೇಜಿನ ಮೇಲಿಟ್ಟಾಗ ತಳ ಗಡಗಡ ಅಲ್ಲಾಡಿದರೆ, ಒಳಗೆ ಬ್ಯಾಟರಿ ಉಬ್ಬಿದೆ ಎಂದು ಲೆಕ್ಕ. ಆ ಕ್ಷಣ ಆಫ್ ಮಾಡಿ ಚಾರ್ಜರು ತೆಗೆದು ನನಗೆ ಫೋನು ಮಾಡು, ರಾತ್ರಿ ಎರಡಾದರೂ ಸರಿ. ಅದನ್ನು ಒತ್ತಿ ಕೂರಿಸಲಿಕ್ಕೆ, ಸೂಜಿ ಚುಚ್ಚಿ ಗಾಳಿ ತೆಗೆಯಲಿಕ್ಕೆ ಹೋಗಬೇಡ. ಹಾಗೆ ಚುಚ್ಚಿದ ಒಬ್ಬನ ಮೇಜು ನನ್ನ ಅಂಗಡಿಯ ಸಾಲಿನಲ್ಲೇ ಇತ್ತು, ಮರದ ಮೇಲಿನ ಕಪ್ಪು ಕಲೆಯನ್ನು ಅವನು ಕ್ಯಾಲೆಂಡರು ಹಾಸಿ ಮುಚ್ಚಿಕೊಂಡಿದ್ದ.

ಬರುವ ಭಾನುವಾರ ದಾದರಿನಲ್ಲಿ ಗಾಡಿ ಬದಲಾಯಿಸಿ ಹನ್ನೊಂದರೊಳಗೆ ಬರುತ್ತೇನೆ. ಸಣ್ಣ ಸ್ಕ್ರೂಡ್ರೈವರು, ಬ್ರಶ್ಶು, ಪೇಸ್ಟು ನಾನೇ ತರುತ್ತೇನೆ. ಕರೆಂಟು ಅಳೆಯುವ ಪ್ಲಗ್ಗೂ ತರುತ್ತೇನೆ. ಮಿತಿ ಹಾಕುವ ಮುಂಚೆ ಎಷ್ಟು, ಹಾಕಿದ ಮೇಲೆ ಎಷ್ಟು ಎಂದು ನೀನೇ ನೋಡು. ಅಲ್ಲಿಯ ತನಕ ಮೇಜಿನ ಮೇಲಿಟ್ಟು ಆಡು. ಆ ತಲೆದಿಂಬನ್ನು ನಿನ್ನಮ್ಮನಿಗೆ ವಾಪಸ್ ಕೊಡು.

ನಿನ್ನ ಮಾಮ